ಮಂದ ಕೆಂಪಿನ ಉಕ್ಕು

ಅಂಬಣ್ಣನಂಥ ಇನ್ನೊಬ್ಬ ಮೊಂಡ ಮನುಷ್ಯನನ್ನು ನಾನು ಪುಣೆಯಲ್ಲಿ ಕಾಣೆ. ಯಾದಗಿರಿ ಕಡೆಯವನು. ಕಟ್ಟಡ ಕೆಲಸಕ್ಕೆಂದು ಬಂದು ಭೋಸರಿಯ ನಮ್ಮ ಫೋರ್ಜಿಂಗ್ ಕಾರ್ಖಾನೆ ಸೇರಿ, ವರ್ಷಗಟ್ಟಲೆ ಹ್ಯಾಮರ್ ಶೆಡ್ಡಿನಲ್ಲಿ ಬೆಳ್ಳಗೆ ಕಾದ ಉಕ್ಕನ್ನು ಬಡಿದ. ಆ ಹ್ಯಾಮರಿನ ಸದ್ದು ಅವನ ಬಲಗಿವಿಯನ್ನು ತಿಂದುಹಾಕಿತು. ಎಡಗಿವಿಯಾದರೂ ಉಳಿಯಬೇಕಾದರೆ ಹ್ಯಾಮರ್ ಬಿಡಲೇಬೇಕು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ತೊಂಬತ್ತಾರರಲ್ಲಿ ಪಕ್ಕದ ಶೆಡ್ಡಿಗೆ ಹೊಸ ಪ್ರೆಸ್ ಬಂತು. ಗೇರ್ ಚಕ್ರದ ಹಲ್ಲುಗಳನ್ನು ಕೊರೆಯುವುದಲ್ಲ, ಉಕ್ಕನ್ನು ಅಚ್ಚಿನೊಳಗೆ ಒತ್ತಿಯೇ ಮೂಡಿಸುವುದು! ಅದೂ ಪೂರ್ತಿ ಕಾಯಿಸದೆ, ಮಂದ ಕೆಂಪು ಬಣ್ಣ ಬಂದಾಗಲೇ. ವಾರ್ಮ್ ಫೋರ್ಜಿಂಗ್ ಅನ್ನುತ್ತಿದ್ದರು. ಪ್ರೆಸ್ ಬಡಿಯುವುದಿಲ್ಲ, ಒತ್ತುತ್ತದೆ, ಸದ್ದು ಕಡಿಮೆ. ಅಂಬಣ್ಣನನ್ನು ಅದಕ್ಕೆ ಹಾಕಿದರು. ಟ್ರಯಲ್ ಪಾಸಾದರೆ ಅಲ್ಲೇ ಕಾಯಂ, ಇಲ್ಲದಿದ್ದರೆ ಮತ್ತೆ ಹ್ಯಾಮರ್.

ಎರಡು ಟ್ರಯಲ್ ನೆಲಕಚ್ಚಿದವು. ಹಲ್ಲುಗಳ ಮೈತುಂಬ ಸುಟ್ಟ ಕರಿ ಪೊರೆ ಕಚ್ಚಿಕೊಂಡು ಗುಳಿ ಬಿದ್ದಿದ್ದವು. ತಪಾಸಣೆ ನನ್ನ ಕೆಲಸ. ಅವನ ಕಿವಿಯ ಕಥೆ ಗೊತ್ತಿದ್ದರೂ ಎರಡನ್ನೂ ತಿರಸ್ಕರಿಸಿದೆ. ಇನ್ನೊಂದೇ ಟ್ರಯಲ್ ಎಂದುಬಿಟ್ಟರು ಮಾಲೀಕರು. ಇಂಜಿನಿಯರ್ ನೀತಾ ಧಾರವಾಡದ ಮನೆತನದವರು, ಹುಟ್ಟಿ ಬೆಳೆದದ್ದು ಪುಣೆಯ ಶಿವಾಜಿನಗರದಲ್ಲಿ. ಅಚ್ಚನ್ನೇ ಬದಲಿಸೋಣ ಎಂದು ಅವರು ಹೊರಟಾಗ ಅಂಬಣ್ಣ ಅಡ್ಡ ಬಂದು ನಿಂತ.

“ಮೇಡಂ, ತಪ್ಪು ಅಚ್ಚಿಂದಲ್ರಿ, ನಂದು. ನೀವು ಕಾವು ನೋಡಿ ಆಚೆ ಹೋದ ಮ್ಯಾಲ ಹೀಟರ್ ಹೆಚ್ಚಿಗಿ ತಿರುವಿದ್ದೆ. ಕೆಂಪಗ ಕಂಡ್ರ ನನಗ ಹಸಿ ಅನಸ್ತದ್ರಿ. ಬೆಳ್ಳಗಾಗದ ಒತ್ತಿದ್ರ ಅಚ್ಚು ಸೀಳ್ತದಂತ ಅಂಜಿದೆ.”

ನನಗೆ ರೇಗಿಹೋಯಿತು. ಕಿವಿ ಉಳಿಸಿಕೊಳ್ಳಲು ಬಂದವನು ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದ! ನೀತಾ ಮಾತ್ರ ಜೋರಾಗಿ ನಕ್ಕರು.

“ಇದು ರೊಟ್ಟಿ ಅಲ್ರಿ ಅಂಬಣ್ಣ, ಬೇಯಸೂದು ಬ್ಯಾಡ. ಸ್ವಲ್ಪ ಒತ್ತಿ ಬಿಟ್ರ ಉಕ್ಕು ಮತ್ತ ಮೊದಲಿನಂಗ ಆಗ್ತದ. ಒಂದು ಹದ್ದು ದಾಟಿ ಒತ್ತಿದ್ರ ಅಚ್ಚಿನೊಳಗ ನೀರಿನಂಗ ಹರೀಲಿಕ್ಕೆ ಹತ್ತತದ, ತಿರುಗಿ ಬರಂಗಿಲ್ಲ. ಕಾವು ಕಡಿಮಿ ಇದ್ರ ಒತ್ತಡ ಹೆಚ್ಚಿಗಿ ಬೇಕು, ಅದಕ್ಕ ಇಷ್ಟು ದೊಡ್ಡ ಪ್ರೆಸ್ ತಂದೀವಿ. ಅತೀ ಕಾಸಿದ್ರ ಮೈ ಸುಟ್ಟು ಪೊರೆ ಏಳ್ತದ ನೋಡ್ರಿ.”

ಮೂರನೆಯ ಟ್ರಯಲ್. ಮಂದ ಕೆಂಪಿನ ತುಂಡು ಅಚ್ಚಿಗೆ ಬಿತ್ತು. ಅಂಬಣ್ಣ ಹೀಟರಿನ ಕಡೆ ತಿರುಗಿಯೂ ನೋಡದೆ ಎರಡೂ ಕೈಯಿಂದ ಪ್ರೆಸ್ಸಿನ ಗುಂಡಿಗಳನ್ನು ಅದುಮಿದ. ಒತ್ತಡದ ಮುಳ್ಳು ಸರಸರ ಏರಿತು. ಏರಿ ಏರಿ ಪ್ರೆಸ್ಸಿನ ಮಿತಿ ತೋರುವ ಕೆಂಪು ಗೆರೆಯ ಹತ್ತಿರ ಹೋಯಿತು. ನೆಲ ನಡುಗಿತು. ಬಿಡಬೇಡ ಮಾರಾಯ, ಬಿಡಬೇಡ ಅಂದುಕೊಂಡೆ! ಅವನು ಬಿಡಲಿಲ್ಲ. ಮುಳ್ಳು ಗೆರೆಯ ಈಚೆಗೇ ನಿಂತಿತು, ಉಕ್ಕು ಸೋತಿತ್ತು. ಅಚ್ಚು ತೆರೆದರೆ ತುದಿತನಕ ತುಂಬಿದ ಹಲ್ಲುಗಳು, ನುಣ್ಣನೆಯ ಮೈ! ಆರಿದ ಮೇಲೆ ಒಂದೊಂದು ಹಲ್ಲನ್ನೂ ಅಳೆದು “ಪಾಸ್!” ಎಂದು ಕಿರುಚಿದೆ. ಶೆಡ್ಡಿಗೆ ಶೆಡ್ಡೇ ಕುಣಿಯಿತು.

ಸಂಜೆ ನನ್ನ ಸ್ಕೂಟರಿನಲ್ಲೇ ಅವನನ್ನು ಮನೆಗೆ ಕರೆದೊಯ್ದೆ. ಹೆಂಡತಿ ಹುಲಿಗೆವ್ವ ಬಾಗಿಲಲ್ಲಿ ನಿಂತಿದ್ದಳು.

“ಪ್ರೆಸ್ ನಂದ ಆತು!” ಎಂದು ಕೂಗಿದ ಅಂಬಣ್ಣ.

ಅವಳು ನಾನಿರುವ ಪರಿವೆಯೂ ಇಲ್ಲದೆ ಓಡಿಬಂದು, ಅವನ ಎಡಗಿವಿಯನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಮುಚ್ಚಿ ಹಿಡಿದು ಏನೋ ಕೇಳಿದಳು.

“ಕೈ ತಗೀ, ಕೇಳವಲ್ದು.”

ಕೈ ತೆಗೆದಳು. ಈ ಸಲ ಪಿಸುಮಾತಿನಲ್ಲಿ ಕೇಳಿದಳು: “ಇನ್ನ ಆ ಹ್ಯಾಮರಿಗಿ ಹೋಗಂಗಿಲ್ಲ, ಹೌದಿಲ್ರಿ?”

“ಇಲ್ಲ,” ಎಂದ ಅಂಬಣ್ಣ.