ಕಣಿಕಿ ಲಾರಿ, ಬೆನ್ನು ಹತ್ತಿದ ಪೊಲೀಸ

ಕಣಿಕಿಗೆ ಬೆಂಕಿ ಹತ್ತಿದ್ದು ಕರೆಂಟಿನ ತಂತಿಯಿಂದ. ಆ ಬೆಂಕಿಯನ್ನ ಎರಡು ಮೈಲು ಓಡಿಸಿದಾಕಿ ನಾನು. ಊರಾಗಿನ ಮಂದಿ ತಂತಿ ಜೋತುಬಿದ್ದಿತ್ತು ಅಂತಾರ, ಗಾಳಿ ಜೋರಿತ್ತು ಅಂತಾರ, ನನ್ನ ಮಗ ಹಿಂದ ನೋಡಲಿಲ್ಲ ಅಂತಾರ. ಅನ್ನಲಿ. ಗಾಡಿ ನಿಂದ್ರಸಬ್ಯಾಡ ಅಂತ ಬಾಜೂ ಕುಂತು ಹೇಳಿದಾಕಿ ನಾನು.

ಮಗ ಲಾರಿ ಹೊಡೀತಾನ. ನಮ್ಮ ಮನಿ ಸುರೇಬಾನದಾಗ, ಮಗಳನ್ನ ಕೊಟ್ಟಿದ್ದು ಕಿತ್ತೂರಿಗೆ. ಮಗಳ ಮನಿಯಾಗ ನಾಲ್ಕು ದಿನ ಇದ್ದು ತಿರುಗಿ ಹೊಂಟಿದ್ದೆ. ಬೈಲಹೊಂಗಲ ಸ್ಟ್ಯಾಂಡಿನ್ಯಾಗ ಬಸ್ ಇಳಿದಾಗ ಮಗ ಲಾರಿ ತಂದು ನಿಂತಿದ್ದ. ಮಾರ್ಕೆಟ್ಟಿನ್ಯಾಗ ಚೀಲ ಇಳಿಸಿ ಗಾಡಿ ಖಾಲಿ ಆಗಿತ್ತು. ಚಚಡಿಯೊಳಗ ಒಬ್ಬರ ಹೊಲದಾಗ ಜೋಳದ ಕಣಿಕಿ, ದನದ ಒಣ ಮೇವು, ಮಾತಾಡಿಟ್ಟಿದ್ದ. ನಮ್ಮ ಎಮ್ಮಿಗೆ ಒಂದಿಷ್ಟು, ಉಳಿದದ್ದು ನಮ್ಮ ಓಣಿ ಮಂದಿಗೆ.

ಒಣಗಿದ ಕಣಿಕಿ ಹೇರೂದು ಅಂದ್ರ ಗ್ವಾಡಿ ಕಟ್ಟಿದಂಗ. ಕಟ್ಟಿದ ಸಿವುಡಿನ ಮ್ಯಾಲೆ ಸಿವುಡು ಇಟ್ಟು ಕ್ಯಾಬಿನ್ನಿಗಿಂತ ಆಳೆತ್ತರ ಒಟ್ಟಿದರು. ಲಾರಿ ಎರಡೂ ಬಾಜೂ ಮೊಳದಷ್ಟು ಹೊರಗ ಬಂತು. ಪ್ಲಾಸ್ಟಿಕ್ ಹಗ್ಗ ಹಾಕಿ ಬಿಗಿದರು. ಆಮ್ಯಾಲೆ ಕ್ಯಾಬಿನ್ನಿನ ಕನ್ನಡಿಯೊಳಗ ನೋಡಿದ್ರ ಕಣಿಕಿ ಕಾಣತಿತ್ತು, ರಸ್ತೆ ಕಾಣತಿದ್ದಿಲ್ಲ.

"ಇಷ್ಟು ಹೇರಬ್ಯಾಡೋ, ಪೊಲೀಸರು ಹಿಡೀತಾರ" ಅಂದೆ.

"ಹಿಡದ್ರ ನೀ ಅದೀಯಲ್ಲ. ಮಾಲು ನಮ್ಮವ್ವಂದು ಅಂತ ನಿನ್ನ ಒಳಗ ಹಾಕಸ್ತೇನಿ."

ಹೇರೋ ಮಂದಿ ನಕ್ಕರು. ನಾನು ನಗಲಿಲ್ಲ. ನನಗ ಪೊಲೀಸ ಅಂದ್ರ ಮೊದಲಿಂದ ಅಂಜಿಕಿ. ಯಾವ ಪೊಲೀಸನೂ ನನಗ ಒಂದು ಮಾತು ಅಂದಿಲ್ಲ, ಆದರೂ ಅಂಜಿಕಿ. ನನ್ನ ಗಂಡನೂ ಲಾರಿ ಹೊಡದಾಂವ. ಯಾರರ ಖಾಕಿ ಹಾಕ್ಕೊಂಡು ಕೈ ಮಾಡಿದ್ರ ಕಿಡಕಿಯಿಂದ ಒಂದು ನೋಟು ಚಾಚತಿದ್ದ, ಗಾಡಿ ನಿಂದ್ರಸದ ಹೋಗತಿದ್ದ. ಅವನ ಬಾಜೂ ಕುಂತು ನಾ ಕಲತ ವಿದ್ಯಾ ಅದು.

ಸವದತ್ತಿಯೊಳಗ ಚಾ ಕುಡಿದು ರಾಮದುರ್ಗದ ರಸ್ತೆ ಹಿಡಿದಾಗ ಹೊತ್ತು ನಮ್ಮ ಬೆನ್ನಿಗೆ ಬಂದಿತ್ತು. ದಾರಿಯೊಳಗ ಒಂದು ಸಣ್ಣ ಊರು. ರಸ್ತೆ ಮ್ಯಾಲೆ ತಂತಿ ಅಡ್ಡ ಹಾದಿದ್ದವು. ನಾವು ಅದರ ಕೆಳಗ ಹೋಗೂವಾಗ ಮ್ಯಾಲೆ ಚಟಚಟ ಅಂತು.

"ಏನೋ ತಾಗಿತು" ಅಂದ ಮಗ.

"ಜಾಲಿ ಟೊಂಗಿ ಇರಬೇಕು, ನಡಿ" ಅಂದೆ. ಅದು ನನ್ನ ಮೊದಲನೇ ತಪ್ಪು.

ಊರು ದಾಟಿದ ಮ್ಯಾಲೆ ಹಿಂದಿನಿಂದ ಮೋಟಾರ್‌ಸೈಕಲ್ಲಿನ ಹಾರನ್ ಕೇಳಿತು. ಬಿಡಲಾರದ ಹೊಡಿಯಾಕತ್ತಿದ್ದರು. ಮಗನ ಬಾಜೂ ಒಂದು ಗಾಡಿ ಬಂತು. ಖಾಕಿ ಅಂಗಿ.

"ಯವ್ವಾ, ಪೊಲೀಸ. ಕೈ ಮಾಡಾಕತ್ತಾನ." ಮಗ ವೇಗ ಕಡಿಮಿ ಮಾಡಿದ.

"ನಿಂದ್ರಸಬ್ಯಾಡ. ನಿಂತ್ರ ಅರ್ಧಾ ಕಣಿಕಿ ಇಲ್ಲೇ ಇಳಸು ಅಂತಾನ. ಇಳಿಸಿ ಏನ ತಲಿ ಮ್ಯಾಲೆ ಹೊತ್ತಗೊಂಡು ಹೋಗತೀಯೇನು?"

"ಕೈ ಮಾಡೂದು ಬಿಡವಲ್ಲ."

"ಕೈ ಸೋತ ಮ್ಯಾಲೆ ಬಿಡತಾನ. ನೀ ಹೊಡಿ."

ಮಗ ಹೊಡದ. ಅಂವ ನನ್ನ ಮಾತು ಕೇಳೋ ಹುಡುಗ ಅಲ್ಲ, ಮದಿವಿ ವಿಷಯದಾಗೂ ಕೇಳಲಿಲ್ಲ. ಆವತ್ತು ಕೇಳಿದ.

ಪೊಲೀಸ ಹಿಂದ ಸರಿದು ಈಗ ನನ್ನ ಬಾಜೂ ಬಂದ. ರಸ್ತೆ ಬಿಟ್ಟು ಮಣ್ಣಿನ್ಯಾಗ ಗಾಡಿ ಕುಣಿಸಿಗೋಂತ ಬಂದ. ಬಾಯಿ ತೆರದು ಏನೋ ಒದರತಿದ್ದ, ಇಂಜಿನ್ನಿನ ಸಪ್ಪಳದಾಗ ಒಂದೂ ಕೇಳಲಿಲ್ಲ. ಮ್ಯಾಲೆ ಮ್ಯಾಲೆ ಅಂತ ಬೆರಳು ಮಾಡಿ ತೋರಿಸಿದ. ಇಷ್ಟ್ಯಾಕ ಹೇರಿರಿ ಅಂತ ಕೇಳಾಕತ್ತಾನ ಅಂತ ತಿಳಕೊಂಡೆ. ಸೊಂಟದ ಸಂಚಿಯೊಳಗಿಂದ ಐವತ್ತರ ನೋಟು ತಗದು ಕಿಡಕಿಯಿಂದ ಕೈ ಚಾಚಿದೆ.

ಅಂವ ನೋಟು ನೋಡಿದ, ನನ್ನ ಮಾರಿ ನೋಡಿದ. ಸಿಟ್ಟಿಗೇಳಲಿಲ್ಲ. ಬಾವ್ಯಾಗ ಬೀಳಾಕ ಹೊಂಟ ಕೂಸನ್ನ ನೋಡಿದಂಗ ನೋಡಿದ.

"ಸಾಲೂದಿಲ್ಲೇನು?" ಅಂತ ಒದರಿದೆ. ಹೌದು, ಹಂಗ ಅಂದೆ. ನೋಟು ಗಾಳಿಗೆ ಹಾರಿಹೋತು.

ಅಷ್ಟರಾಗ ನನ್ನ ಕಣ್ಣು ಮುಂದಿನ ರಸ್ತೆ ಮ್ಯಾಲೆ ಬಿತ್ತು. ಹೊತ್ತು ಬೆನ್ನಿಗಿದ್ದದ್ದಕ್ಕ ನಮ್ಮ ಲಾರಿ ನೆರಳು ನಮ್ಮ ಮುಂದ ಓಡತಿತ್ತು. ಆ ನೆರಳಿನ ತಲಿ ಮ್ಯಾಲೆ ಇನ್ನೊಂದು ನೆರಳು ಸುರುಳಿ ಸುರುಳಿ ಏಳಾಕತ್ತಿತ್ತು. ಹೊಗಿ. ಮಗನ ತೋಳು ಹಿಡಿದು ಜಗ್ಗಿದೆ.

"ಬೆಂಕಿ. ನಮ್ಮ ಮ್ಯಾಲೆ ಬೆಂಕಿ. ನಿಂದ್ರಸು."

ಮಗ ಬ್ರೇಕ್ ಒತ್ತಿದ. ನಾವು ನಿಂತದ್ದು ಎಲ್ಲಿ? ಮುಂದಿನ ಊರ ಬಾಯಾಗ. ಎಡಕ್ಕ ಮನಿ, ಬಲಕ್ಕ ಸಾಲಾಗಿ ಮೇವಿನ ಬಣವಿ, ಅವುಗಳ ನಡುವ ದನ ಕಟ್ಟಿದ್ದರು. ಕಿಡಿ ಹಾರಿ ಹಾರಿ ಬೀಳತಿದ್ದವು. ಪೊಲೀಸ ಮುಂದ ಬಂದು ಅಡ್ಡ ನಿಂತು ಈಗ ಮತ್ತೊಂದ ಮಾತು ಒದರಿದ. ಇದು ಕೇಳಿಸಿತು.

"ನಿಂದ್ರಬ್ಯಾಡೋ! ಇಲ್ಲಿ ನಿಂತ್ರ ಊರು ಸುಡತೈತಿ! ನನ್ನ ಹಿಂದ ಬಾ!"

ಅಂವ ಹಾರನ್ ಒತ್ತಿಗೋಂತ, ಮಂದಿನ್ನ ಬಯ್ದು ಸರಿಸಿಗೋಂತ ಮುಂದ ಹೊಂಟ. ನಾವು ಬೆಂಕಿ ಹೊತ್ತು ಅವನ ಹಿಂದ. ಹೆಣ್ಣಮಕ್ಕಳು ಕೂಸುಗಳನ್ನ ಎತ್ತಿಕೊಂಡು ಒಳಗ ಓಡತಿದ್ದರು. ಒಬ್ಬಾಕಿ ನಮ್ಮ ಕಡೆ ನೋಡಿ ಬಾಯಿ ಬಡಕೊಂಡಳು. ಬೆನ್ನ ಹಿಂದಿನ ತಗಡು ಕಾದು ರೊಟ್ಟಿ ಹಂಚಿನಂಗ ಆಗಿತ್ತು. ಉರಿದ ಎಸಳು ಮುಂದಿನ ಗಾಜಿನ ಮ್ಯಾಲೆ ಉದರತಿದ್ದವು.

"ಯವ್ವಾ, ಜಿಗಿ" ಅಂದ ಮಗ.

"ನೀನೂ ಜಿಗಿ."

"ನಾ ಜಿಗದ್ರ ಗಾಡಿ ಯಾರ ಹೊಡೀಬೇಕು, ಅಪ್ಪ ಎದ್ದು ಬರತಾನೇನು?"

ನಾ ಜಿಗಿಯಲಿಲ್ಲ. ಧೈರ್ಯ ಅಂತ ಯಾರೂ ತಿಳಕೋಬಾರದು. ಬಾಗಲದ ಹಿಡಿಕಿ ನನಗ ತೆರಿಯಾಕ ಬರಲಿಲ್ಲ.

ಊರು ದಾಟಿ ಉಳಿಮಿ ಮಾಡಿದ ಬರಿ ಹೊಲದಾಗ ಮಗ ಲಾರಿ ಇಳಿಸಿ ನಿಂದ್ರಿಸಿದ, ಪೊಲೀಸ ತನ್ನ ಗಾಡಿ ಒಗದು ಓಡಿ ಬಂದ. ನನ್ನ ಬಾಜೂ ಬಾಗಲಾ ಹೊರಗಿಂದ ತೆರದು, ರಟ್ಟಿ ಹಿಡಿದು ಎಳೆದು, ಮಣ್ಣಿನ ಹೆಂಟಿ ಮ್ಯಾಲೆ ಕುಕ್ಕಿದ. "ಆಯೀ, ದೂರ ಹೋಗ್ರಿ. ದೂರ!" ಮಗ ಸೀಟಿನ ಕೆಳಗಿಂದ ತಗದು ಕೊಟ್ಟ ಕುಡಗೋಲು ತಗೊಂಡು ಹಗ್ಗ ಕೊಯ್ಯಾಕ ಹತ್ತಿದ. ಪ್ಲಾಸ್ಟಿಕ್ ಹಗ್ಗ ಕರಗಿ ಮೇಣ ಆಗಿತ್ತು. ಅದನ್ನ ಬಲಗೈಲೆ ಹಿಡಿದು ಜಗ್ಗಿದ, ಅಂಗೈಗೆ ಹತ್ತಿಕೊಂಡಿತು. ಎಮ್ಮಿ ಒದರಿದಂಗ ಒದರಿದ, ಹಗ್ಗ ಬಿಡಲಿಲ್ಲ.

"ಹಿಂದ ತಗೊ! ಜೋರ್ ತಗೊಂಡು ಬ್ರೇಕ್ ಹಾಕು!"

ಮಗ ಒಳಗ ಕುಂತಿದ್ದ. ಅವನ ತಲಿ ಹಿಂದ ಉರಿ ತೆಂಗಿನ ಗಿಡದಷ್ಟು ಎತ್ತರ ಎದ್ದಿತ್ತು. ಲಾರಿ ಹಿಂದ ಬಂತು, ಧಡಕ್ಕನ ನಿಂತಿತು. ಏನೂ ಬೀಳಲಿಲ್ಲ. ಮತ್ತ ಹಿಂದ ಬಂತು, ಒಂದು ಮೂಲಿ ಜಾರಿತು. ಹೊಗಿಯೊಳಗ ಕ್ಯಾಬಿನ್ ಕಾಣದಂಗಾತು. ನಾ ದೇವರನ್ನ ನೆನಸಲಿಲ್ಲ, ಲೆಕ್ಕ ಹಾಕಿದೆ: ಅಂವ ಸುಟ್ಟುಹೋದ್ರ ಸೊಸಿಗೆ ಏನಂತ ಹೇಳಲಿ. ಮೂರನೇ ಸಲ ಉರಿಯೋ ಗ್ವಾಡಿ ಒಟ್ಟಿಗೇ ಹಿಂದ ಕುಸೀತು. ಲಾರಿ ಮುಂದ ಹಾರಿ ಹೊಗಿಯಿಂದ ಹೊರಗ ಬಂತು. ಮಗ ಕೆಮ್ಮಿಗೋಂತ ಇಳಿದ. ಹುಬ್ಬು ಸುಟ್ಟಿದ್ದವು. ಅಷ್ಟ.

ಹಿಂದಿಂದ ಊರಿನ ಮಂದಿ ಟ್ರ್ಯಾಕ್ಟರಿನ ಟ್ಯಾಂಕರ್ ತಂದು ನೀರು ಹೊಡದರು. ಲಾರಿ ಹಲಿಗಿ ಸುಟ್ಟವು, ಇಂಜಿನ್ ಉಳೀತು. ಪೊಲೀಸ ಅಂಗೈ ಬಕೀಟಿನ್ಯಾಗ ಮುಳಗಿಸಿ ಕುಂತು ಮಗನ್ನ ಕೇಳಿದ.

"ಅಷ್ಟು ಕೈ ಮಾಡಿದ್ರೂ ಯಾಕ ನಿಂದ್ರಲಿಲ್ಲ ನೀ?"

"ಕಾಣಲಿಲ್ರಿ ಸಾಹೇಬ್ರ" ಅಂದ ಮಗ.

ಪೊಲೀಸ ನನ್ನ ಕಡೆ ನೋಡಿದ. ನಾ ಸೆರಗು ಝಾಡಿಸಿಗೋಂತ ಕುಂತೆ.

"ನಾಳೆ ಮುಂಜಾನೆ ಗಾಡಿ ಕಾಗದ ತಗೊಂಡು ರಾಮದುರ್ಗ ಠಾಣೆಗೆ ಬಾ" ಅಂದ.

ಮನಿಗೆ ಬಂದ ಮ್ಯಾಲೆ ಮಗ ಉಣಲಿಲ್ಲ. "ಪೊಲೀಸನ ಕೈ ಸುಟ್ಟೈತಿ. ನಿಂದ್ರಲಾರದ ಓಡಿಸಿದೇನಿ. ಬಿಡತಾರೇನು? ಮುಂಜಾನೆ ಕಿತ್ತೂರಿಗೆ ಹೋಗತೇನಿ. ತಂಗಿ ಮನಿಯಾಗ ಎಂಟು ದಿನ ಇದ್ದು ಬರತೇನಿ" ಅಂದ. ಸೊಸಿ ಅಳಾಕ ಹತ್ತಿದಳು. ಓಡಿಹೋದ ಡ್ರೈವರ್‌ನ್ನ ಯಾರೂ ನಂಬೂದಿಲ್ಲ, ಇದು ನನಗ ಗೊತ್ತಿತ್ತು. ಅಂವ ಹೋದ್ರ ನನ್ನ ತಪ್ಪು ಅವನ ಹೆಸರಿಗೆ ಕುಂದ್ರತಿತ್ತು. ಆದರೂ ನನ್ನ ಹೆದರಿಕಿ ನನ್ನ ಬಾಯಿ ಬಿಡಗೊಡಲಿಲ್ಲ.

ಮರುದಿನ ಮುಂಜಾನೆ ಮಗ ಏಳೂಕಿಂತ ಮೊದಲು ಗಾಡಿ ಕಾಗದದ ಚೀಲ ಬಗಲಾಗ ಹಿಡಕೊಂಡು ಮೊದಲನೇ ಬಸ್ಸಿಗೆ ರಾಮದುರ್ಗಕ್ಕ ಹೋದೆ. ಠಾಣೆ ಮೆಟ್ಟಲಾ ಹತ್ತೂವಾಗ ಉಚ್ಚಿ ಬಂದಂಗಾತು. ಅಂವ ಒಳಗ ಕುಂತಿದ್ದ, ಬಲಗೈಗೆ ದಪ್ಪ ಪಟ್ಟಿ.

"ಮಗ ಎಲ್ರಿ?" ಅಂದ.

"ಅಂವ ನಿಂದ್ರಸಾಕ ಹೊಂಟಿದ್ದ. ಬ್ಯಾಡ ಅಂದಾಕಿ ನಾನು. ನೋಟು ಚಾಚಿದಾಕಿ ಯಾರಂತ ನೀವ ಕಂಡೀರಿ. ಕೇಸ್ ಹಾಕೂದಿದ್ರ ನನ್ನ ಮ್ಯಾಲೆ ಹಾಕ್ರಿ."

"ಕೇಸ್ ಯಾಕ್ರಿ ಆಯೀ? ತಂತಿ ತಾಗಿ ಸುಟ್ಟೈತಿ ಅಂತ ಬರಕೊಟ್ರ ವಿಮಾ ಸಿಗತೈತಿ. ಅದಕ್ಕ ಕರದೇನಿ. ಅವನ ಸಹಿ ಬೇಕು."

ಅಲ್ಲಿದ್ದ ಕಟಗಿ ಬಾಕಿನ ಮ್ಯಾಲೆ ಕುಂತೆ. ಪೊಲೀಸನೇ ಎಡಗೈಲೆ ಮಗಗ ಫೋನ್ ಹಚ್ಚಿಕೊಟ್ಟ.

"ಎಲ್ಲಿದ್ದೀಯಬೇ ನೀ? ಕಾಗದ ಎಲ್ಲ್ಯದಾವು?" ಮಗ ಒದರಿದ.

"ಠಾಣೆಯಾಗ ಅದೇನಿ."

ಮಗ ಸಣ್ಣ ದನಿಲೆ, "ಹಿಡಕೊಂಡಾರೇನು?" ಅಂದ.

"ಇಲ್ಲ. ಅಂಗಿ ಹಾಕ್ಕೊಂಡು ಬಾ" ಅಂದೆ. ಅಂವ ಬರೂ ತನಕ ಆ ಬಾಕಿನ ಮ್ಯಾಲೆ ಕುಂತಿದ್ದೆ.