ಸಣ್ಣ ಕಾಳು, ದೊಡ್ಡ ಜೊಳ್ಳು

ಬೀಜದ ಗೋದಾಮಿನಲ್ಲಿ ದೊಡ್ಡ ಫ್ಯಾನು ಗುಂಯ್ ಎನ್ನುತ್ತಿತ್ತು. ಸದ್ದು ಒಂದೆಳೆ ಏರಿದರೂ ಮೊರದಕ್ಕನ ಕೈ ತಾನಾಗಿ ನಿಲ್ಲುತ್ತಿತ್ತು. ಇಪ್ಪತ್ತೆಂಟು ವರ್ಷ ಇದೇ ಕೋಣೆಯಲ್ಲಿ ಬೀಜ ತೂರಿ ಹಸನು ಮಾಡಿದವಳು ಅವಳು. ಹೆಸರು ಮರೆತವರೂ ಅವಳ ಮೊರವನ್ನು ಮರೆತಿರಲಿಲ್ಲ.

ಈಗ ಫ್ಯಾನಿನ ಉಸ್ತುವಾರಿ ಅವಳ ಅಳಿಯನದು. ಅವಳೇ ಹೇಳಿ ಕೊಡಿಸಿದ ಕೆಲಸ. ಮೂರು ತಿಂಗಳು ನೋಡೋಣ ಎಂದಿದ್ದ ಯಜಮಾನರ ಗಡುವು ಇವತ್ತಿಗೆ ಮುಗಿಯುತ್ತಿತ್ತು. ಅವರು ಬಾಗಿಲಲ್ಲೇ ನಿಂತಿದ್ದರು. ಬೇಗ ಮುಗಿಸಿ ತೋರಿಸುವ ಆತುರದಲ್ಲಿ ಅಳಿಯ ಜರಡಿ ಹಿಡಿಯದೆ ಮೂಲಂಗಿ ಬೀಜವನ್ನು ನೇರ ಗಾಳಿಗೆ ಸುರಿಯುತ್ತಿದ್ದ. ದಪ್ಪ ಕಾಳು ಹತ್ತಿರ ಬೀಳುತ್ತಿತ್ತು, ಉಳಿದದ್ದು ಹಾರಿ ಕಸದ ರಾಶಿ ಸೇರುತ್ತಿತ್ತು. ಹೊರಗೆ ಕಸದ ಗಾಡಿ ಆಗಲೇ ಅರ್ಧ ತುಂಬಿತ್ತು.

ಮೊರದಕ್ಕ ಆ ರಾಶಿಯಿಂದ ಒಂದು ಚಿಟಿಕೆ ಎತ್ತಿ ಕಚ್ಚಿ ನೋಡಿದಳು. ಘಾಟು ಮೂಗಿಗೇರಿತು. ಜೊಳ್ಳಿಗೆ ಘಾಟು ಎಲ್ಲಿಂದ ಬರಬೇಕು? ಹೇಳಿದರೆ ಅಳಿಯನ ಕೆಲಸಕ್ಕೆ ಸಂಚಕಾರ, ಹೇಳದಿದ್ದರೆ ಮೊಳೆಯುವ ಬೀಜ ಕಸದ ಪಾಲು. ಬಾಯಲ್ಲಿದ್ದ ಬೀಜ ಬಿಸಿತುಪ್ಪವಾಯಿತು.

“ಅಳಿಯಂದ್ರೇ, ಸ್ವಲ್ಪ ನಿಲ್ಲಿಸಿ. ಗಟ್ಟಿ ಬೀಜ ಹೋಗ್ತಿದೆ.”

“ಗಟ್ಟಿ ಇದ್ರೆ ಯಾಕೆ ಹಾರತ್ತೆ ಅತ್ತೆ? ಗಾಳಿ ಬಂದಾಗ ತೂರ್ಕೋ ಅಂತ ನೀವೇ ಹೇಳ್ತೀರಲ್ಲ,” ಎಂದು ಅವನು ನಕ್ಕ. ಯಜಮಾನರೂ ನಕ್ಕರು.

ಅವಳು ನಗಲಿಲ್ಲ. ದೊಡ್ಡದೊಂದು ಜೊಳ್ಳು, ಸಣ್ಣದೊಂದು ಗಟ್ಟಿ ಕಾಳು ಆರಿಸಿ ಒಟ್ಟಿಗೆ ಫ್ಯಾನಿನ ಮುಂದೆ ಬಿಟ್ಟಳು. ಎರಡೂ ತೇಲಿಹೋಗಿ ಒಂದೇ ಕಡೆ ಬಿದ್ದವು.

“ಸಣ್ಣದು ಎಷ್ಟೇ ಗಟ್ಟಿ ಇದ್ರೂ ಗಾಳೀನ ಸೀಳ್ಕೊಂಡು ಇಳಿಯೋಷ್ಟು ಭಾರ ಇರಲ್ಲ. ಮೊದಲು ಜರಡಿ ಹಿಡಿದು ಸಣ್ಣದು ದೊಡ್ಡದು ಬೇರೆ ಮಾಡ್ಬೇಕು, ಆಮೇಲೆ ಗಾಳಿ. ಹೇಳಿಕೊಡದೇ ಇದ್ದದ್ದು ನನ್ನ ತಪ್ಪು ಯಜಮಾನರೇ.”

ಜರಡಿ ಮೊದಲು ಎಂದು ಅವಳು ಎರಡೆರಡು ಸಲ ಹೇಳಿದ್ದು ಅಳಿಯನಿಗೆ ನೆನಪಿತ್ತು. ಅವನು ತಲೆ ತಗ್ಗಿಸಿ ಫ್ಯಾನು ಆರಿಸಿದ.

ಯಜಮಾನರು ಗಂಟಲು ಸರಿಮಾಡಿಕೊಂಡರು. ತಪ್ಪು ಯಾರದೆಂದು ತಮಗೂ ಅಂದಾಜಿದೆ ಎಂದರು. “ನೀವೇ ಹೇಳಿ ಮೊರದಕ್ಕ, ಇವರನ್ನ ಇಟ್ಕೊಂಡ್ರೆ ನಾಳೆ ಮತ್ತೆ—”

ಹೊರಗೆ ಗಾಡಿಯವನು ಹಗ್ಗ ಬಿಗಿಯುತ್ತಿದ್ದ.

“ಅವರ ಕೈಗೆ ಜರಡಿ ಕೊಡಿ,” ಎಂದವಳೇ, ಯಜಮಾನರ ಮಾತು ಮುಗಿಯುವ ಮೊದಲೇ, ಖಾಲಿ ಚೀಲ ಹಿಡಿದು ಗಾಡಿಯತ್ತ ಹೊರಟುಬಿಟ್ಟಳು.