ಮಾಮಾನ ನಾಲ್ಕು ಬೆರಳು

ನಮ್ಮ ಮಾಮಾನ ಬೆರಳುಗಳು ಕಮಲಾಪುರದ ಕೆಂಪು ಬಾಳೆಹಣ್ಣಿನ ಹಾಗೆ ದಪ್ಪಗಿದ್ದವು. ಅವ್ವನ ಅಣ್ಣನಾದ ಈತ ಅಲ್ಲಿಯ ಸಂತೆಯಲ್ಲಿ ದನದ ದಲ್ಲಾಳಿ. ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವ ರೂಢಿ ಅಲ್ಲಿರಲಿಲ್ಲ. ಟವೆಲ್ಲಿನ ಮರೆಯಲ್ಲಿ ಎದುರಿನವನ ಬೆರಳು ಹಿಡಿಯಬೇಕು. ಎಷ್ಟು ಬೆರಳೋ ಅಷ್ಟು ಹತ್ತು ಸಾವಿರ; ವ್ಯಾಪಾರ ಕುದುರಿದ ಮೇಲಷ್ಟೇ ಅದನ್ನು ಕೂಗುವುದು. "ಬಾಯಿ ಸುಳ್ಳ ಹೇಳ್ತದ, ಬೆರಳ ಹೇಳಂಗಿಲ್ಲ" ಎನ್ನುತ್ತಿದ್ದ ಮಾಮಾ.

ಒಂದು ಸಂತೆಯ ದಿನ ಆ ಬೆರಳೇ ಸುಳ್ಳು ಹೇಳಿತು. ಖರೀದಿದಾರನ ಕಡೆಯ ದಲ್ಲಾಳಿ ಚಾಚಾ ಟವೆಲ್ಲಿನೊಳಗೆ ಕೈಯಿಟ್ಟವನೇ "ಎರಡು! ಪಕ್ಕಾ!" ಎಂದು ಕೂಗಿದ. ಎತ್ತಿನ ಯಜಮಾನ ಹಗ್ಗ ಹಿಡಿದು ಬೊಬ್ಬೆ ಹಾಕಿದ.

"ನಾಲ್ಕ ಹಿಡದೀನಲ್ಲೋ!" ಎಂದ ಮಾಮಾ.

ಮತ್ತೆ ಹಿಡಿಸಿ ನೋಡಿದ ಚಾಚಾನ ಮುಖ ಸಣ್ಣದಾಯಿತು. "ಅರೇ ಭಾಯ್, ನಿನ್ನ ಎರಡು ಬೆರಳ ಮಡಚಲಾಕತ್ತಿಲ್ಲ. ಎತ್ತಿನ ಮಾತು ಆಮ್ಯಾಲೆ. ಮೊದಲ ದವಾಖಾನಿಗೆ ನಡಿ."

ಕೈಯ ಮೇಲೆ ಮಲಗಿ ಜೋಮು ಹಿಡಿದಿದೆ ಎಂದು ಅತ್ತೆಯ ವಾದ. ಆದರೂ ಕಲಬುರಗಿಗೆ ಕರೆದೊಯ್ದೆ. ಡಾಕ್ಟರು ಬೆರಳು ಬಿಟ್ಟು ತಲೆಯ ಸ್ಕ್ಯಾನ್ ಮಾಡಿಸಿದ್ದು ಮಾಮಾನಿಗೆ ಅವಮಾನವಾಯಿತು.

"ಮೆದುಳಿನಾಗ ಒಂದ್ ಸಣ್ಣ ರಕ್ತನಾಳ ಕಟ್ಟೇದ. ಇದೂ ಲಕ್ವಾನೇ ರೀ" ಎಂದರು ಡಾಕ್ಟರು.

"ಲಕ್ವಾ ಹೊಡದ್ರ ಅರ್ಧ ಮೈ ಹೋಗ್ತದ. ನನಗ ಎರಡೇ ಬೆರಳ ಹೋಗ್ಯಾವ. ಲಕ್ವಾನೂ ಚೌಕಾಸಿ ಮಾಡ್ತದೇನ್ರೀ?"

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಎಡಗೈಯಲ್ಲಿ ಕುದುರಿಸಿದ ದನ ಬಾಳುವುದಿಲ್ಲ ಎಂದು ಸಂತೆಯವರ ನಂಬಿಕೆ. ಬಲಗೈ ಸರಿಯಾಗದಿದ್ದರೆ ಮಾಮಾ ಮನೆಯಲ್ಲೇ ಕೂರಬೇಕಿತ್ತು, ಕೂತರೆ ಬದುಕುವ ಜೀವ ಅದಲ್ಲ.

ಹಿಚುಕಲು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಆತ ಮುಟ್ಟಲಿಲ್ಲ. "ಚೆಂಡಿಗಿ ಏನ್ ರೇಟ್ ಹೇಳ್ಲಿ?" ಎಂದು ದಿನವೂ ಟವೆಲ್ ಹೊದಿಸಿ ಅತ್ತೆಯ ಬೆರಳು ಹಿಡಿಯುತ್ತಿದ್ದ. "ಲಗ್ನದಾಗೂ ಇಷ್ಟೊತ್ತು ನನ್ನ ಕೈ ಹಿಡದಿದ್ದಿಲ್ಲ" ಎಂದು ಅತ್ತೆ ನಾಚುತ್ತಿದ್ದಳು.

ಕೊನೆಗೊಮ್ಮೆ ಸಂತೆಗೆ ಹೋದ. ಚಾಚಾನೇ ಮೊದಲು ಟವೆಲ್ಲಿನೊಳಗೆ ಕೈಯಿಟ್ಟ. "ನಾಲ್ಕು! ಪಕ್ಕಾ!" ಎಂದು ಕೂಗಿದಾಗ ಮಾಮಾ ಮದುಮಗನ ಹಾಗೆ ಸುತ್ತ ನೋಡಿದ. ಆಮೇಲೆ ವರ್ಷಗಟ್ಟಲೆ ಅದೇ ಗತ್ತಿನಲ್ಲಿ ದಲ್ಲಾಳಿಕೆ ಮಾಡಿದ.

ಹೋದ ವರ್ಷ ಮಾಮಾ ತೀರಿಕೊಂಡ. ಮಣ್ಣು ಮುಗಿಸಿ ಬರುವಾಗ, "ಬೆರಳು ಪೂರಾ ಸರಿಯಾಗಿದ್ದೇ ನಮ್ಮ ಪುಣ್ಯ" ಎಂದೆ.

ಚಾಚಾ ಕಣ್ಣೊರೆಸಿಕೊಂಡ. "ಎಲ್ಲಿ ಸರಿಯಾಗಿದ್ವು ಬೇಟಾ? ಕಡೀತನಕ ಎರಡೇ ಹಿಡಿತಿದ್ದ. ನಾಲ್ಕು ಅನ್ನೋದಿದ್ರ ಹಲ್ಲು ಕಡಿತಿದ್ದ, ಅದನ್ನ ನೋಡಿ ನಾವು ನಾಲ್ಕು ಅಂತ ಕೂಗ್ತಿದ್ವಿ. ಸಂತಿ ಮಂದಿಗೆಲ್ಲ ಗೊತ್ತಿತ್ತು. ಅವಗೊಬ್ಬಗೇ ಗೊತ್ತಿದ್ದಿಲ್ಲ."